ಹನೂರಿಗೆ ಹೋದ ನೂರ ಹನ್ನೆರಡು ಚೀಟಿ

ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಕೊಳ್ಳೇಗಾಲದ ಆಫೀಸಿನಲ್ಲಿ ಕುಳಿತು ನಾನು ಒಂದು ಗುಂಡಿ ಒತ್ತಿದೆ. ಮುದ್ರಣ ಮುಗಿಯಿತು ಎಂದು ಪರದೆಯ ಮೇಲೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಕಾಫಿಗೆ ಎದ್ದೆ. ಗುಂಡಿ ಒತ್ತಿದ್ದು ಪರೀಕ್ಷೆಗೆಂದು ಇಟ್ಟುಕೊಂಡ ನಕಲಿನಲ್ಲಿ. ಅಲ್ಲಿ ಏನು ಮಾಡಿದರೂ ಯಾರ ಗಂಟೂ ಹೋಗುವುದಿಲ್ಲ ಎಂಬ ಧೈರ್ಯ ನನಗಿತ್ತು.

ಮಧ್ಯಾಹ್ನ ಮೂರಕ್ಕೆ ನಮ್ಮ ಹನೂರಿನ ಗೋದಾಮು ನೋಡಿಕೊಳ್ಳುವವರು ಫೋನ್ ಮಾಡಿದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ನನಗೆ ಅವರು ಅಣ್ಣ, ಅವರಿಗೆ ನಾನು ಮೇಡಂ.

"ಮೇಡಂ, ಒಸ ಚೀಟಿ ಬಂದ್ವಲ್ಲ, ಎಲ್ಲಾ ಅಂಟ್ಸಿ ಆಯ್ತು ಕಣ್ರಿ. ಒಂದೂ ಉಳಿಸ್ನಿಲ್ಲ."

"ಯಾವ ಚೀಟಿ ಅಣ್ಣಾ?"

"ಅದೇ ಬಿತ್ನೆ ರಾಗೀದು. ನೂರಾ ಅನ್ನೆರಡು. ಊಟಕ್ಕೂ ಓಗ್ದೆ ಅಂಟ್ಸಿವ್ನಿ."

ಆ ಚೀಟಿಗಳು ನನ್ನ ಪರೀಕ್ಷೆಯವು. ಭೂಮಿಯ ಮೇಲಿನ ಯಾವ ಮೂಟೆಗೂ ಅವು ಸೇರಿದವಲ್ಲ.

ನಮ್ಮದು ರೈತರೇ ಸೇರಿ ಕಟ್ಟಿಕೊಂಡ ಕಂಪನಿ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಗೋದಾಮುಗಳಿವೆ. ದಾಸ್ತಾನು, ಖರೀದಿ, ರವಾನೆ ಎಲ್ಲವೂ ಒಂದೇ ದೊಡ್ಡ ಸಾಫ್ಟ್‌ವೇರಿನಲ್ಲಿ ನಡೆಯುತ್ತವೆ, ಅದನ್ನು ಸಂಭಾಳಿಸುವವಳು ನಾನು. ತಂದಾಗ ಅದು ರೆಡಿಮೇಡ್ ಅಂಗಿ. ನಮ್ಮ ಮೈಗೆ ಹೊಂದಲೆಂದು ವರ್ಷಗಳಿಂದ ಬಿಚ್ಚಿ ಹೊಲಿಯುತ್ತಲೇ ಬಂದಿದ್ದೇವೆ. ಯಳಂದೂರಿನವರಿಗೆ ಭತ್ತದ ತೇವಕ್ಕೆ ಒಂದು ಕಾಲಂ ಬೇಕಾಯಿತು, ಕೊಳ್ಳೇಗಾಲಕ್ಕೆ ಅರಿಸಿನದ ಬೇರೆಯದೇ ಲೆಕ್ಕ, ಹನೂರಿಗೆ ಬಿತ್ತನೆ ಕಣಜ. ಹೀಗೆ ಸೇರಿಸಿದ್ದನ್ನು ಕಾಯುವುದು ಸೇರಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗಲೆಲ್ಲ ನಮ್ಮ ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂದು ಮೊದಲು ನಕಲಿನಲ್ಲಿ ಹಾಕಿ ನೋಡಬೇಕು. ನಿಜವಾದ ಕೆಲಸ ನಡೆಯುವುದನ್ನು ಲೈವ್ ಎನ್ನುತ್ತೇವೆ, ನಕಲನ್ನು ಟೆಸ್ಟ್ ಎನ್ನುತ್ತೇವೆ.

ಬಿತ್ತನೆ ಕಣಜದ ವಿಷಯ ಸ್ವಲ್ಪ ಹೇಳಬೇಕು. ಕಾಡಂಚಿನ ಊರುಗಳಲ್ಲಿ ಮನೆಯೊಳಗೆ ರಾಗಿ ಇಟ್ಟರೆ ಆನೆ ವಾಸನೆ ಹಿಡಿದು ಗೋಡೆಗೇ ಬರುತ್ತದೆ. ಹಾಗಾಗಿ ಅಲ್ಲಿನವರು ಮುಂದಿನ ಬಿತ್ತನೆಗೆಂದು ಆರಿಸಿದ ರಾಗಿಯನ್ನು ಹನೂರಿನ ಗೋದಾಮಿಗೆ ತಂದಿಟ್ಟು, ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಒಯ್ಯುತ್ತಾರೆ. ಆಮೇಲೆ ಬಯಲಿನ ಊರುಗಳವರೂ ಇಲಿ, ಹುಳುವಿನ ಕಾಟಕ್ಕೆ ತಂದಿಡತೊಡಗಿದರು. ಮನೆಗೊಂದು ಮೂಟೆ, ಮೂಟೆಗೊಂದು ನಂಬರು. ಅವರವರ ರಾಗಿ ಅವರವರಿಗೇ ಮರಳಬೇಕು. ಹೂಗ್ಯಂನಿಂದ ಬರುವ ಒಬ್ಬ ಅಮ್ಮ ಒಮ್ಮೆ ನನಗೆ ಇದನ್ನು ಬಿಡಿಸಿ ಹೇಳಿದ್ದರು.

"ನಂದು ಮೂರು ತಿಂಗ್ಳ ರಾಗಿ ಕಣವ್ವಾ. ನಮ್ಮತ್ತೆ ತೆನೆ ಆರಿಸಿ ಆರಿಸಿ ಮಾಡಿದ್ದು. ಆನೆ ಇಳಿಯಾದ್ರೊಳಗೆ ಕುಯ್ಲಿಗೆ ಬತ್ತದೆ. ಬ್ಯಾರೆ ರಾಗಿ ಬಿತ್ತಿದ್ರೆ ನಾವ್ ಕಾಯ್ಕಂಡು ಕೂತಿರಾದು, ಅವು ಬಂದು ತಿನ್ಕಂಡು ಓಗಾದು."

ಎರಡೆಕರೆ ಹೊಲ, ವರ್ಷಕ್ಕೆ ಒಂದು ಬೆಳೆ, ಇಪ್ಪತ್ತು ಕಿಲೋ ಬಿತ್ತನೆ. ಆ ರಾಗಿಯೂ ಈಗ ಚೀಟಿ ಬದಲಾದ ಮೂಟೆಗಳ ನಡುವೆ ಎಲ್ಲೋ ಇತ್ತು. ಬಿತ್ತನೆ ಹಂಚಲು ಒಂಬತ್ತು ದಿನ ಉಳಿದಿತ್ತು.

ಸ್ಕೂಟರ್ ಹತ್ತುವ ಮೊದಲು ಟೆಸ್ಟ್ ಸರ್ವರನ್ನು ನಿಲ್ಲಿಸಿದೆ. ಆಮೇಲೆ ತಪ್ಪು ಎಲ್ಲಾಯಿತೆಂದು ಹುಡುಕಿದೆ. ಲೈವ್‌ನಿಂದ ನಕಲು ತೆಗೆದ ಮೇಲೆ ಮಾಡಲೇಬೇಕಾದ ಕೆಲಸಗಳ ಪಟ್ಟಿಯೊಂದು ನನ್ನ ಬಳಿ ಇದೆ. ರೈತರ ಹೆಸರು, ಫೋನ್ ನಂಬರು ಅಳಿಸಬೇಕು. ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳನ್ನು ನಿಲ್ಲಿಸಬೇಕು. ಎಸ್ಸೆಮ್ಮೆಸ್ ಬಂದ್ ಮಾಡಬೇಕು. ಪ್ರಿಂಟರುಗಳನ್ನೆಲ್ಲ ತೆಗೆದು ಬರೀ ಫೈಲಿಗೆ ಮುದ್ರಿಸುವಂತೆ ಮಾಡಬೇಕು. ಎಲ್ಲವನ್ನೂ ಮಾಡಿ ಒಂದೊಂದಕ್ಕೂ ಗೀಟು ಹಾಕಿದ್ದೆ. ಆದರೆ ಹನೂರಿನ ಪ್ರಿಂಟರು ಸೆಟ್ಟಿಂಗಿನಲ್ಲಿ ಇರಲೇ ಇಲ್ಲ. ಮೂರು ವರ್ಷದ ಹಿಂದೆ ಅಲ್ಲಿನ ನೆಟ್‌ವರ್ಕ್ ದಿನಕ್ಕೆ ಹತ್ತು ಸಲ ಕೈಕೊಡುತ್ತಿದ್ದಾಗ, ತಾತ್ಕಾಲಿಕ ಎಂದುಕೊಂಡು, ಪ್ರಿಂಟರಿನ ವಿಳಾಸವನ್ನು ಪ್ರೋಗ್ರಾಮಿನೊಳಗೇ ಬರೆದು ನೇರವಾಗಿ ಮುದ್ರಿಸುವ ದಾರಿ ಮಾಡಿದ್ದೆ. ನಕಲು ತೆಗೆದಾಗ ಆ ದಾರಿಯೂ ನಕಲಾಗಿ ಬಂದಿತ್ತು. ಬರೆದವಳು ನಾನೇ. ಬರೆದದ್ದನ್ನು ಮರೆತವಳೂ ನಾನೇ.

ಹನೂರು ತಲುಪಿದಾಗ ಅಣ್ಣ ಗೋದಾಮಿನ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದ್ದೇ ಅವರ ನಗು ಇಳಿಯಿತು. ಒಳಗೆ ಸಾಲುಸಾಲಾಗಿ ಮೂಟೆಗಳು, ಪ್ರತಿ ಮೂಟೆಯ ಬಾಯಿಗೂ ಹೊಸ ರಟ್ಟು, ರಟ್ಟಿನ ಮೇಲೆ ಒಂದಿಷ್ಟೂ ಸೊಟ್ಟಗಾಗದಂತೆ ಅಂಟಿಸಿದ ಚೀಟಿ. ಹಳೇ ನಂಬರುಗಳ ಬದಲು ಒಂದು, ಎರಡು, ಮೂರು ಎಂದು ಸಾಲಿನ ಪ್ರಕಾರ. ಹೆಸರಿನ ಜಾಗದಲ್ಲಿ ರೈತ ಒಂದು, ರೈತ ಎರಡು ಎಂದಿತ್ತು, ಟೆಸ್ಟ್‌ನಲ್ಲಿ ಹೆಸರು ಅಳಿಸಿದರೆ ಹಾಗೆಯೇ ಬರುತ್ತದೆ.

"ಹೆಸರೇ ಇಲ್ವಲ್ಲ ಅಣ್ಣಾ, ಅನುಮಾನ ಬರಲಿಲ್ವಾ?"

"ಒಸ ವರ್ಷನ್ನು ಬತ್ತದೆ, ಚೀಟಿ ಬ್ಯಾರೆ ತರ ಇರ್ತದೆ ಅಂತ ನೀವೇ ಏಳಿದ್ರಲ್ಲ ಮೇಡಂ. ಇದೇ ಇರ್ಬೇಕು ಅನ್ಕಂಡೆ."

"ಹಳೇ ರಟ್ಟು ಎಲ್ಲಿ?"

"ಒಂದು ಮೂಟೆಗೆ ಎಲ್ಡು ಚೀಟಿ ಇರ್ಬಾರ್ದು ಅಂತಾನೂ ನೀವೇ ಏಳಿದ್ದು. ಕತ್ತರಿಸಿ ಟೀ ಒಲೆಗೆ ಆಕ್ದೆ."

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ, ಯಾಕೆಂದರೆ ಅವರು ಹೇಳಿದ್ದೆಲ್ಲ ನಿಜ. ಎರಡು ವರ್ಷದ ಹಿಂದೆ ಇದೇ ಗೋದಾಮಿನಲ್ಲಿ ಅಂಟಿಸದೆ ಬಿಟ್ಟ ಚೀಟಿಗಳ ಕಂತೆ ಮೇಜಿನ ಮೇಲೆ ಕಂಡು ನಾನು ಹಮಾಲರ ಎದುರಿಗೇ ಅವರನ್ನು ಜಾಡಿಸಿದ್ದೆ. ಪ್ರಿಂಟರಿನಿಂದ ಬಂದ ಚೀಟಿ ಸಂಜೆಯೊಳಗೆ ಮೂಟೆಯ ಮೇಲಿರಬೇಕು, ಯಾಕೆ ಏನು ಅಂತ ಕೇಳುತ್ತಾ ಕೂರಬೇಡಿ ಎಂದಿದ್ದೆ. ಅಂದಿನಿಂದ ಅವರು ಕೇಳಿಲ್ಲ. ಹನೂರಿನಲ್ಲಿ ಒಂದೇ ಒಂದು ಚೀಟಿ ಉಳಿಯುವುದಿಲ್ಲ ಎಂದು ನಾನು ಯಳಂದೂರಿನವರ ಎದುರು ಜಂಬ ಕೊಚ್ಚಿದ್ದೂ ಉಂಟು.

ಸಾಲಿನ ಪ್ರಕಾರವಾದರೂ ಹಿಂದಕ್ಕೆ ಹೋಗಬಹುದೇ ಎಂದು ನೋಡಿದೆ. ಆಗಲಿಲ್ಲ. ಬೇಸಿಗೆಯಲ್ಲಿ ಮೂಟೆಗಳನ್ನು ಹೊರಗೆ ತೆಗೆದು ಬಿಸಿಲಿಗಿಟ್ಟು, ಕೈಗೆ ಸಿಕ್ಕ ಹಾಗೆ ಮತ್ತೆ ಜೋಡಿಸಿದ್ದರು. ಯಾವುದು ಯಾರದು ಎಂದು ಹೇಳುತ್ತಿದ್ದದ್ದು ಆ ಹಳೇ ಚೀಟಿ ಮಾತ್ರ. ಅಣ್ಣ ಗೋಣಿಯ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ಕೇಳಿದರು.

"ಮೇಡಂ, ಮೂಟೆ ತಕಬೇಕಾದ್ರೆ ನಾ ಬರೀತಿದ್ನಲ್ಲ ಗುರ್ತು, ಅದೂ ಓಯ್ತಾ?"

ಗುರುತು ಎಂಬುದು ನಮ್ಮ ಸಾಫ್ಟ್‌ವೇರಿನಲ್ಲಿ ಹನೂರಿಗೆ ಮಾತ್ರ ಇದ್ದ ಕಾಲಂ. ಅಣ್ಣ ಹಠ ಮಾಡಿ ಹಾಕಿಸಿಕೊಂಡಿದ್ದರು. ಅದಕ್ಕೆ ಒಂದು ನಿಯಮವಿಲ್ಲ, ಯಾವ ವರದಿಯಲ್ಲೂ ಅದು ಬರುವುದಿಲ್ಲ, ಮನಸ್ಸಿಗೆ ಬಂದದ್ದು ಬರೆಯಬಹುದು. ಹೊಸ ಆವೃತ್ತಿಗೆ ಹೋಗಬೇಕಾದರೆ ನಮ್ಮ ನಲವತ್ತೊಂದು ಹೆಚ್ಚುವರಿ ಕಾಲಂಗಳಲ್ಲಿ ಅರ್ಧವನ್ನಾದರೂ ಕಿತ್ತು ಹಾಕಿ ಎಂದು ಸಾಫ್ಟ್‌ವೇರ್ ಕೊಟ್ಟವರ ಕಡೆಯ ಸಲಹೆಗಾರ ದುಂಬಾಲು ಬಿದ್ದಿದ್ದ. ಕೀಳುವ ಪಟ್ಟಿಯಲ್ಲಿ ನಾನು ಮೊದಲು ಬರೆದದ್ದೇ ಗುರುತು. ಟೆಸ್ಟ್‌ನಲ್ಲಿ ಆಗಲೇ ಕಿತ್ತಿದ್ದೆ. ಲೈವ್‌ನಲ್ಲಿ ಇನ್ನೂ ಇತ್ತು.

ಅಲ್ಲೇ ಲ್ಯಾಪ್‌ಟಾಪ್ ತೆಗೆದು ಲೈವ್ ನೋಡಿದೆ. ನೀಲಿ ಸೀರೆ ಅಂಚಿನ ಕಟ್ಟು. ಗೊಬ್ಬರದ ಚೀಲ, ಮಗುಚಿ ಹೊಲಿದದ್ದು. ಬೇವಿನ ಸೊಪ್ಪು ಜಾಸ್ತಿ. ಬೂದಿ ಬೆರೆಸವ್ರೆ. ತಮಿಳು ಅಕ್ಷರದ ಸಿಮೆಂಟ್ ಚೀಲ, ಮೂಲೆ ಇಲಿ ಕಡಿದದೆ. ಒಂದು ಸಾಲು ಓದಿ ತಲೆಯೆತ್ತಿದರೆ ಎದುರಿಗೆ ಆ ಸಿಮೆಂಟ್ ಚೀಲವೇ ಕೂತಿತ್ತು. ನನಗೆ ಅಳು ಬರುವಷ್ಟು ಖುಷಿಯಾಯಿತು, ನಾಚಿಕೆಯೂ ಆಯಿತು.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ಸಭೆ. ಸಲಹೆಗಾರ ಸ್ಪೀಕರ್ ಫೋನಿನಲ್ಲಿದ್ದ. ನಾನು ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದೆ.

"ಇದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಡಿ ಮೇಡಂ," ಎಂದ ಸಲಹೆಗಾರ. "ಎಲ್ಲಾ ರಾಗಿನೇ ಅಲ್ವಾ? ನಾಟಿ ರಾಗಿ ಅಂತ ಒಂದೇ ಲಾಟ್ ಮಾಡ್ಬಿಡಿ. ಯಾರು ಎಷ್ಟು ತೂಕ ಇಟ್ಟಿದ್ರೋ ಅಷ್ಟು ವಾಪಸ್ ಕೊಡಿ. ಹೊಸ ವರ್ಷನ್‌ಗೂ ಅದೇ ಸರಿ ಹೋಗುತ್ತೆ, ನಿಮ್ಮ ಕಸ್ಟಮ್ ಕೋಡ್ ಪೂರ್ತಿ ತೆಗೀಬಹುದು."

ನನ್ನ ನಾಲಿಗೆಗೆ ಮೊದಲಿಂದಲೂ ಬ್ರೇಕ್ ಕಡಿಮೆ. "ನೀವು ಸಂಜೆ ಸ್ಕೂಲಿನಿಂದ ಮಕ್ಕಳನ್ನ ಕರ್ಕೊಂಡು ಬರುವಾಗ ತೂಕ ನೋಡಿ ಕರ್ಕೊಂಡು ಬರ್ತೀರಾ ಸಾರ್?" ಎಂದೆ.

ಮ್ಯಾನೇಜರ್ ನಗು ತಡೆದುಕೊಳ್ಳಲು ಕೆಮ್ಮಿದರು. ಆಮೇಲೆ ಗಂಭೀರವಾಗಿ ಕೇಳಿದರು. "ಮಾತು ಸರಿ ಕಣಮ್ಮ. ಎಂಟು ದಿನ ಅದೆ. ಎಂಗ್ಮಾಡ್ತೀಯ?"

"ಹೊಸ ವರ್ಷನ್ ಮುಂದಕ್ಕೆ ಹಾಕೋಣ ಸಾರ್. ಬಿತ್ತನೆ ಮುಗಿಯುವವರೆಗೆ ಲೈವ್‌ನಲ್ಲಿ ಯಾರೂ ಒಂದು ಅಕ್ಷರ ಮುಟ್ಟಬಾರದು. ನಾನು ಹನೂರಲ್ಲಿ ಕೂತು ಒಂದೊಂದೇ ಮೂಟೆಯ ಗುರುತು ಹಿಡೀತೀನಿ. ಬಿತ್ತನೆ ಇಟ್ಟವರನ್ನೂ ಕರೆದು ತೋರಿಸಿ, ಅವರು ಹೌದು ಅಂದ ಮೇಲೇ ಚೀಟಿ ಹಾಕೋದು."

"ಎಲ್ರಿಗೂ ಗೊತ್ತಾದ್ರೆ ಬರೋ ವರ್ಷ ಒಬ್ರೂ ಬಿತ್ನೆ ತಂದಿಡಾಕಿಲ್ಲ."

"ಗೊತ್ತಾಗದೆ ಬೇರೆಯವರ ರಾಗಿ ಬಿತ್ತಿದರೆ ತೆನೆ ಬಂದಾಗ ಗೊತ್ತಾಗುತ್ತೆ. ಆಗ ಏನು ಹೇಳೋಣ?"

ಅವರು ಕಿಟಕಿಯ ಕಡೆ ನೋಡಿ, ಮಾಡು ಎಂದರು. ನಾಲ್ಕು ತಿಂಗಳಿಂದ ತಯಾರಿ ಮಾಡಿದ್ದ ಆವೃತ್ತಿಯನ್ನು ಮುಂದಕ್ಕೆ ಹಾಕುವುದು ನನಗೂ ಸುಲಭವಾಗಿರಲಿಲ್ಲ. ಆದರೆ ಆ ಕೋಣೆಯಿಂದ ಹೊರಗೆ ಬರುವಾಗ ಮಾಡುತ್ತಿರುವುದು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮೂರು ದಿನ ಗೋದಾಮಿನಲ್ಲೇ ಠಿಕಾಣಿ ಹಾಕಿದೆ. ಹಮಾಲರು ಮೂಟೆ ಇಳಿಸುತ್ತಿದ್ದರು. ನಾನು ತೂಕ ಓದುತ್ತಿದ್ದೆ. ಅಣ್ಣ ಕಟ್ಟು, ಹೊಲಿಗೆ, ಒಳಗಿನ ಸೊಪ್ಪು ನೋಡಿ ಲೈವ್‌ನ ಪಟ್ಟಿಯ ಜೊತೆ ತಾಳೆ ಹಾಕುತ್ತಿದ್ದರು. ಬೇವಿನ ಸೊಪ್ಪಿನ ಮೂಟೆಗಳೇ ಆರು ಇದ್ದವು. ಅಲ್ಲಿ ತೂಕ ಕೈ ಹಿಡಿಯಿತು. ಜೊತೆಗೆ ಬಿತ್ತನೆ ಇಟ್ಟವರು ಬಸ್ಸಲ್ಲಿ, ಬೈಕಲ್ಲಿ ಬಂದರು. ಇಬ್ಬರು ಹೆಂಗಸರಂತೂ ದೂರದಿಂದಲೇ ತಮ್ಮ ಗಂಟು ಗುರುತು ಹಿಡಿದು, ಈ ಗಂಟು ನಮ್ಮವರು ಬಿಟ್ರೆ ಯಾರಿಗೂ ಬರಾಕಿಲ್ಲ ಎಂದು ನಕ್ಕರು. ಬೈದವರೂ ಇದ್ದರು. ಬೈಸಿಕೊಂಡೆ. ಹೊಸ ಚೀಟಿಯನ್ನು ಅವರೆದುರೇ ಲೈವ್‌ನಿಂದ ತೆಗೆದು ಅಂಟಿಸಿದೆವು.

ನೂರ ಹತ್ತು ಮೂಟೆಗೆ ಯಜಮಾನರು ಸಿಕ್ಕರು. ಎರಡು ಉಳಿದವು. ಎರಡೂ ನಮ್ಮ ಕಂಪನಿಯ ಬಿಳಿ ಚೀಲ, ಎರಡೂ ಸರಿಯಾಗಿ ಇಪ್ಪತ್ತು ಕಿಲೋ, ಎರಡಕ್ಕೂ ಯಂತ್ರದ ಹೊಲಿಗೆ. ಪಟ್ಟಿಯಲ್ಲಿ ಉಳಿದ ಹೆಸರುಗಳೂ ಎರಡೇ. ಒಂದು ಕಾಮಗೆರೆಯ ರೈತರದು. ಇನ್ನೊಂದು ಹೂಗ್ಯಂ ಅಮ್ಮನದು. ಎರಡರ ಮುಂದೆಯೂ ಗುರುತಿನ ಕಾಲಂ ಖಾಲಿ.

ಅಣ್ಣ ಒಂದು ದಿನವೂ ಗುರುತು ಬರೆಯದೆ ಬಿಟ್ಟವರಲ್ಲ. ಯಾರು ದಾಖಲು ಮಾಡಿದರು ಎಂದು ತೆಗೆದು ನೋಡಿದೆ. ನನ್ನದೇ ಲಾಗಿನ್. ಕೂಡಲೇ ನೆನಪಾಯಿತು. ಕೆಲಸ ಎಷ್ಟು ಬೇಗ ಮಾಡಬಹುದು ಎಂದು ತೋರಿಸಿಕೊಡಲು ಆ ದಿನ ನಾನೇ ಅವರ ಕುರ್ಚಿಯಲ್ಲಿ ಕೂತಿದ್ದೆ. ಇಬ್ಬರ ರಾಗಿಯನ್ನೂ ಅವರ ಚೀಲದಿಂದ ಹೊಸ ಬಿಳಿ ಚೀಲಕ್ಕೆ ಸುರಿಸಿ, ತೂಗಿ, ಗುರುತು ಬಿಟ್ಟು, ಎಷ್ಟು ನಿಮಿಷವಾಯಿತು ನೋಡಿ ಅಣ್ಣಾ ಎಂದು ಗಡಿಯಾರ ತೋರಿಸಿದ್ದೆ. ಅವರು ಅದನ್ನು ಈಗ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಇಬ್ಬರಿಗೂ ನಾನೇ ಫೋನ್ ಮಾಡಿದೆ. ಮಾರನೆಯ ದಿನ ಹತ್ತು ಗಂಟೆಯೊಳಗೆ ಇಬ್ಬರೂ ಬಂದರು. ಎರಡು ಚೀಲವನ್ನೂ ಬಿಚ್ಚಿ ಮುಂದಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ಎರಡರಿಂದಲೂ ಒಂದೊಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದರು, ಮೂಸಿದರು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

"ಗೊತ್ತಾಗಾಕಿಲ್ಲ ಕಣವ್ವಾ. ಕಾಳು ನೋಡಿ ಇದೇ ನಂದು ಅಂದ್ರೆ ಸುಳ್ಳಾಯ್ತದೆ."

"ಅರ್ಧರ್ಧ ಅಂಚ್ಕಳಾನಾ?" ಎಂದರು ಕಾಮಗೆರೆಯವರು. ಅವರದು ನಾಲ್ಕೂವರೆ ತಿಂಗಳ ರಾಗಿ. ಬೋರ್‌ವೆಲ್ ಇದೆ, ಆನೆಯ ಭಯವಿಲ್ಲ.

"ನಿಮ್ಗೆ ಸರಿ ಓಯ್ತದೆ ಕಣಪ್ಪ. ನನ್ ಒಲ್ದಲ್ಲಿ ಅರ್ದ ನಿಂತಿದ್ರೂ ಆನೆ ಬಂದೇ ಬತ್ತದೆ. ಬಂದ ಮ್ಯಾಲೆ ಅರ್ದ ಬಿಟ್ಟೋಯ್ತದಾ?"

ನಾನು ತಲೆ ತಗ್ಗಿಸಿ ನಿಂತಿದ್ದೆ. ಅಮ್ಮ ಅಂಗೈಯ ರಾಗಿಯನ್ನು ಚೀಲಕ್ಕೆ ಸುರಿಯಲು ಹೋದವರು ಹಾಗೇ ತಡೆದರು.

"ನನ್ ರಾಗಿ ಪೈರಾದಾಗ ಬುಡ್ದಲ್ಲಿ ಕೆಂಪು ಕಟ್ತದೆ. ನಿಮ್ದು?"

"ನಮ್ದು ಪೂರಾ ಅಸ್ರು," ಎಂದರು ಕಾಮಗೆರೆಯವರು.

"ಅಂಗಾರೆ ಎಲ್ಡು ಬಾಂಡ್ಲಿ ತತ್ತಾ. ಬಿತ್ತಿ ನೋಡ್ಬುಡಾನ."

ಕೆಂಪು ಕಾಣಲು ಹತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಮೊದಲ ಹದ ತಪ್ಪುತ್ತದೆ ಎಂದು ನಾನೇ ಹೇಳಿದೆ. ತಡವಾದಷ್ಟೂ ಕುಯ್ಲು ಆನೆಗಳು ಇಳಿಯುವ ದಿನಕ್ಕೆ ಹತ್ತಿರವಾಗುತ್ತದೆ. ಅಮ್ಮನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ತಪ್ಪು ರಾಗಿ ಬಿತ್ತುವುದಕ್ಕಿಂತ ಕಾಯುವುದೇ ಮೇಲು ಎಂದು ಬಸ್ಸಿಗೆ ಹೊರಟರು. ಕಾಮಗೆರೆಯವರೂ ತಾವೂ ಕಾಯುವುದಾಗಿ ಹೇಳಿ ಹೋದರು.

ಅಣ್ಣ ಗಾರೆ ಕೆಲಸದ ಎರಡು ಬಾಂಡ್ಲಿಗೆ ಮಣ್ಣು ತುಂಬಿ, ಎರಡು ಚೀಲದ ರಾಗಿಯನ್ನೂ ಬೇರೆ ಬೇರೆ ಬಿತ್ತಿ, ಗೋದಾಮಿನ ಅಂಗಳದಲ್ಲಿಟ್ಟು ಕೋಳಿ ಬಾರದಂತೆ ಮೇಲೆ ಬಲೆ ಕಟ್ಟಿದರು. ಯಾವ ಚೀಲದ್ದು ಯಾವ ಬಾಂಡ್ಲಿ ಎಂದು ಸೀಮೆಸುಣ್ಣದಲ್ಲಿ ಬರೆದು, ಅಳಿಸಿ ಹೋದೀತೆಂದು ಬಣ್ಣದಲ್ಲೂ ಬರೆದು, ನನ್ನ ಕೈಯಲ್ಲಿ ಫೋಟೋ ಬೇರೆ ತೆಗೆಸಿದರು.

ಆ ದಿನಗಳಲ್ಲಿ ನಾನು ಕೈಕಟ್ಟಿ ಕೂರಲಿಲ್ಲ. ನಮ್ಮ ಪ್ರೋಗ್ರಾಮುಗಳನ್ನೆಲ್ಲ ಜಾಲಾಡಿ ಒಳಗೆ ಬರೆದಿಟ್ಟ ವಿಳಾಸಗಳನ್ನು ಹುಡುಕಿದೆ. ಇನ್ನೂ ಮೂರು ಸಿಕ್ಕವು. ಒಂದಂತೂ ಯಳಂದೂರಿನ ತೂಕದ ಯಂತ್ರದ್ದು, ಯಾವತ್ತಾದರೂ ಸಿಡಿಯಲು ಕಾದು ಕೂತಿತ್ತು. ಲೈವ್ ಮುಟ್ಟದೆ, ಹೊಸ ಆವೃತ್ತಿಯಲ್ಲಿ ಎಲ್ಲವನ್ನೂ ಸೆಟ್ಟಿಂಗಿಗೆ ತಂದೆ. ಅಷ್ಟಕ್ಕೇ ಬಿಡಲಿಲ್ಲ. ಗೀಟು ಹಾಕುವ ಪಟ್ಟಿಯ ಮೇಲೆ ನನಗೆ ನಂಬಿಕೆ ಹೋಗಿತ್ತು, ಪಟ್ಟಿಯಲ್ಲಿ ಇರುವುದು ನನಗೆ ನೆನಪಿರುವುದು ಮಾತ್ರ. ಟೆಸ್ಟ್ ಸರ್ವರಿನಿಂದ ಗೋದಾಮುಗಳ ಕಡೆಗಿನ ದಾರಿಯನ್ನೇ ನೆಟ್‌ವರ್ಕಿನಲ್ಲಿ ಮುಚ್ಚಿಸಿದೆ. ಇನ್ನು ಅದು ಎಷ್ಟು ಕೂಗಿದರೂ ಹನೂರಿಗೆ ಕೇಳುವುದಿಲ್ಲ. ಟೆಸ್ಟ್‌ನ ಚೀಟಿಯ ಮೇಲೆಲ್ಲ ಅಡ್ಡಲಾಗಿ ಪರೀಕ್ಷೆ ಎಂದು ದೊಡ್ಡದಾಗಿ ಬರುವ ಹಾಗೆ ಮಾಡಿದೆ. ಆಮೇಲೆ ನಲವತ್ತೊಂದು ಕಾಲಂಗಳ ಮುಂದೆಯೂ ಇದನ್ನು ಯಾರು ಕೇಳಿದರು, ಯಾಕೆ ಕೇಳಿದರು ಎಂದು ಬರೆಯಲು ಕೂತೆ. ನನಗೆ ಗೊತ್ತಿಲ್ಲದ್ದಕ್ಕೆ ಫೋನ್ ಮಾಡಿ ಕೇಳಿದೆ. ಹದಿನಾರನ್ನು ಕೇಳಿದವರೇ ಬೇಡ ಎಂದರು, ಕೀಳುವ ಪಟ್ಟಿಗೆ ಹಾಕಿದೆ. ಉಳಿದವನ್ನು ಉಳಿಸಿಕೊಂಡೇ ಹೊಸ ಆವೃತ್ತಿಗೆ ಹೋಗುವುದೆಂದು ಸಲಹೆಗಾರನಿಗೆ ಬರೆದೆ. ಈ ಸಲ ಆತ ವಾದ ಮಾಡಲಿಲ್ಲ.

ಅಣ್ಣನಿಗೆ ಮಾತ್ರ ಒಂದು ಮಾತು ಎದುರಿಗೇ ಹೇಳಬೇಕಿತ್ತು. "ಇನ್ನು ಮೇಲೆ ಬಂದ ಚೀಟಿ ವಿಚಿತ್ರವಾಗಿ ಕಂಡರೆ ಅಂಟಿಸಬೇಡಿ ಅಣ್ಣಾ, ಮೊದಲು ಫೋನ್ ಮಾಡಿ."

"ನೀವ್ ಬಯ್ಯಾಕಿಲ್ವಾ?"

"ಬೈದರೂ ಮಾಡಿ."

ಮೊದಲ ಹದ ಬಂತು. ಹನೂರಿನ ಸುತ್ತಮುತ್ತಲಿನವರೆಲ್ಲ ಮೂಟೆ ಒಯ್ದು ಬಿತ್ತಿದರು. ಬಿಳಿ ಚೀಲಗಳೆರಡೂ ಗೋದಾಮಿನ ಮೂಲೆಯಲ್ಲೇ ಇದ್ದವು. ನಾನು ದಿನಾ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ ಕೆಂಪು ಬಂತಾ ಎಂದು ಕೇಳುತ್ತಿದ್ದೆ. ಹನ್ನೊಂದನೆಯ ದಿನ ನಾನು ಕೇಳುವ ಮೊದಲೇ ಅವರ ಫೋನ್ ಬಂತು.

"ಮೇಡಂ, ಬಲ್ಗಡೆ ಬಾಂಡ್ಲೀಲಿ ಕೆಂಪು ಕಟ್ಟದೆ. ಆದ್ರೆ ನಾ ಏಳಾಕಿಲ್ಲ. ಆಯಮ್ಮನೇ ಬಂದು ನೋಡ್ಲಿ."

ಮಧ್ಯಾಹ್ನ ಅಮ್ಮ ಬಂದು ಬಾಂಡ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ಪೈರನ್ನು ಬುಡದವರೆಗೆ ಬಿಡಿಸಿ ಉಗುರಿನಿಂದ ಮಣ್ಣು ಸರಿಸಿದರು. ಎಡಗಡೆಯದನ್ನೂ ಹಾಗೇ ನೋಡಿದರು. ಮತ್ತೆ ಬಲಗಡೆಗೆ ಬಂದರು. ಐದು ಪೈರು ನೋಡಿಯಾದ ಮೇಲೆ ಎದ್ದು, ಚೀಲ ಎತ್ಕೊಡಪ್ಪ ಎಂದು ಅಣ್ಣನಿಗೆ ಹೇಳಿದರು. ಆ ಬಾಂಡ್ಲಿಯ ಪೈರನ್ನೂ ಬುಡಸಮೇತ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಎರಡು ದಿನದ ಮೇಲೆ ಹೂಗ್ಯಂ ಕಡೆ ಮಳೆಯಾಯಿತೆಂದು ಅಣ್ಣ ತಿಳಿಸಿದರು.

ಬಿತ್ತನೆ ತಡವಾಗಿದ್ದರಿಂದ ನನ್ನ ಮನಸ್ಸು ಮೂರು ತಿಂಗಳೂ ನೆಟ್ಟಗಿರಲಿಲ್ಲ. ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಹೊಸ ಆವೃತ್ತಿಯನ್ನು ಒಂದು ಭಾನುವಾರ ಬೆಳಿಗ್ಗೆ ಹಾಕಿ, ಸೋಮವಾರ ಮೂರೂ ಗೋದಾಮುಗಳನ್ನು ಎಂದಿನಂತೆ ತೆರೆದೆವು. ಮ್ಯಾನೇಜರ್ ಶಹಬ್ಬಾಸ್ ಎಂದರು. ಆದರೆ ನಾನು ಕಾಯುತ್ತಿದ್ದದ್ದು ಆ ಮಾತಿಗಲ್ಲ. ಹೂಗ್ಯಂ ಕಡೆ ಆನೆ ಇಳಿದವಂತೆ ಎಂದು ಗೋದಾಮಿನಿಂದ ಸುದ್ದಿ ಬಂದ ದಿನ ಅಮ್ಮನಿಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ.

ಮಾರನೆಯ ದಿನ ಅವರೇ ಮಾಡಿದರು.

"ಕುಯ್ಲು ಮುಗುದು ನಾಕು ದಿನಾಯ್ತು ಕಣವ್ವಾ. ಮೊನ್ನೆ ಇಳುದ್ವು. ಬರೀ ಕೂಳೆ ತುಳ್ಕಂಡು ಓದ್ವು."

ಒಳ್ಳೇದಾಯ್ತಮ್ಮ ಎಂದಷ್ಟೇ ಹೇಳಿದೆ.

"ಬಿತ್ನೇಗೆ ತೆನೆ ಆರಿಸಿ ಮಡಗಿವ್ನಿ," ಎಂದರು ಅವರು. "ಯಾವತ್ತು ತಂದಿಡ್ಲಿ?"